ಹೊಗೆಗೆ ತಪಾಸಣೆ, ಬ್ರೇಕಿಗೆ ನಂಬಿಕೆ

ದಾವಣಗೆರೆಯಿಂದ ಹರಿಹರಕ್ಕೆ ಹೆಚ್ಚೆಂದರೆ 14 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಬ್ರೇಕಿಗೆ ಅಂಥ ಕೆಲಸವೇನೂ ಇರುವುದಿಲ್ಲ. ಊರೊಳಗಿನ ಹಳೇ ಪಿ.ಬಿ. ರಸ್ತೆಯಲ್ಲಿ ಹೊರಟರೆ ಕಾಲು ಪೆಡಲ್ ಬಿಟ್ಟು ಏಳುವುದಿಲ್ಲ. ಹಂಪು, ಆಟೊ, ಅಡ್ಡಬರುವ ದನ, ಸುಗ್ಗಿಯಲ್ಲಾದರೆ ಭತ್ತ ಹೇರಿಕೊಂಡ ಟ್ರ್ಯಾಕ್ಟರ್. ಒಂದೇ ಮಾದರಿಯ ಕಾರು ಕೊಂಡ ಇಬ್ಬರಲ್ಲಿ ಒಬ್ಬರ ಬ್ರೇಕ್ ಪ್ಯಾಡ್ ಇನ್ನೊಬ್ಬರದ್ದಕ್ಕಿಂತ ಎಷ್ಟೋ ಮೊದಲೇ ಸವೆದುಹೋಗುವುದು ಹೀಗೆ. ಹಾಗಾಗಿ ‘ಎಷ್ಟು ಸಾವಿರ ಕಿಲೋಮೀಟರಿಗೆ ಪ್ಯಾಡ್ ಬದಲಿಸಬೇಕು’ ಎಂಬ ಪ್ರಶ್ನೆಗೆ ನಂಬುವಂಥ ಉತ್ತರವಿಲ್ಲ. ಚಕ್ರ ಬಿಚ್ಚಿ ನೋಡಬೇಕು, ಅಷ್ಟೆ. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ, 3 ಮಿ.ಮೀ.ಗೆ ಇಳಿಯಿತೆಂದರೆ ಬದಲಿಸುವ ಹೊತ್ತು ಬಂತು.

ಆದರೆ ನೋಡುವವರು ಯಾರು? ಸರ್ಕಾರವಂತೂ ಅಲ್ಲ. ಸ್ವಂತ ಬಳಕೆಯ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಫಿಟ್ನೆಸ್ ಪರೀಕ್ಷೆಯೇ ಇಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ. ಹಳದಿ ಬೋರ್ಡಿನ ಟ್ಯಾಕ್ಸಿಯಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ ಈ ಪರೀಕ್ಷೆ ಮಾಡಿಸಬೇಕು. ಬಿಳಿ ಬೋರ್ಡಿನ ಕಾರೂ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡುತ್ತದೆ. ಅದರ ಹೊಗೆಗೆ ವರ್ಷಕ್ಕೊಂದು ಚೀಟಿ ಬೇಕು, ವಿಮೆಯೂ ಕಡ್ಡಾಯ. ಬ್ರೇಕಿನ ವಿಷಯ ಮಾತ್ರ ಮಾಲೀಕನ ವಿವೇಚನೆಗೆ ಬಿಟ್ಟದ್ದು. ಬ್ರಿಟನ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬಿದರೆ ಸಾಕು, ಪ್ರತಿವರ್ಷ ಬ್ರೇಕ್ ಸಮೇತ ತಪಾಸಣೆ ಕಡ್ಡಾಯ.

ಕಾನೂನು ಇಷ್ಟು ನಂಬಿದ ಮೇಲೆ ಮಾಲೀಕನಿಗೆ ಬ್ರೇಕ್ ನೋಡುವುದಾದರೂ ಗೊತ್ತಿರಬೇಕಲ್ಲ. ಮುಂದಿನ ಚಕ್ರದ ಪ್ಯಾಡ್ ಬದಲಿಸುವ ಕೆಲಸವನ್ನು ಮನೆಯಂಗಳದಲ್ಲಿ ಕಲಿಯಬಹುದು, ಕಲಿಯಬೇಕು ಎಂಬುದು ನನ್ನ ವಾದ. ಉಳಿಯುವ ಕೂಲಿ ದೊಡ್ಡ ಮೊತ್ತವೇನಲ್ಲ. ಬಿಚ್ಚಿದಾಗ ಕಣ್ಣಿಗೆ ಬೀಳುವುದಿದೆಯಲ್ಲ, ಅದು ಮುಖ್ಯ.

ಸಾಮಾನ್ಯ ಕಾರುಗಳಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಒಳಗೂ ಹೊರಗೂ ಜಾರುತ್ತದೆ. ಕೆಳಗಿನ ಬೋಲ್ಟ್ ತೆಗೆದರೆ ಕ್ಯಾಲಿಪರನ್ನು ಮೇಲಕ್ಕೆ ಮಗುಚಬಹುದು. ಡಿಸ್ಕಿನ ಅಕ್ಕಪಕ್ಕ ಎರಡು ಪ್ಯಾಡ್ ಕಾಣುತ್ತವೆ. ಅವನ್ನು ಈಚೆ ತೆಗೆದು ಜೋಡಿಸಿ ನೋಡಿ. ಪಿಸ್ಟನ್ ಕಡೆಯ ಒಳಗಿನ ಪ್ಯಾಡ್ ಹೊರಗಿನದ್ದಕ್ಕಿಂತ ತೀರಾ ತೆಳ್ಳಗಾಗಿದ್ದರೆ ಆ ಪಿನ್ನುಗಳು ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ನಮ್ಮ ಧೂಳು, ಮಳೆಗಾಲದ ಎರೆಮಣ್ಣಿನ ಕೆಸರು ರಬ್ಬರ್ ಬೂಟು ಹರಿದ ಕಡೆ ಒಳಹೊಕ್ಕು ಗ್ರೀಸನ್ನೆಲ್ಲ ಒಣಗಿಸಿರುತ್ತವೆ. ಪಿನ್ ಹೊರಗೆಳೆದು, ಒರೆಸಿ, ಬಿಸಿಗೆ ಕರಗದ ಬ್ರೇಕ್ ಗ್ರೀಸನ್ನೇ ಹಚ್ಚದೆ ಹೊಸ ಪ್ಯಾಡ್ ಕೂರಿಸಿದರೆ ಅದೂ ಅದೇ ರೀತಿ ಓರೆಯಾಗಿ ಸವೆಯುತ್ತದೆ. ಗಡಿಬಿಡಿಯ ಗ್ಯಾರೇಜುಗಳಲ್ಲಿ ತಪ್ಪಿಹೋಗುವುದು ಇದೇ ಹಂತ. ಬಿಲ್ಲಿನಲ್ಲಿ ಪ್ಯಾಡಿನ ಬೆಲೆ ಇರುತ್ತದೆ. ಪಿನ್ನಿಗೆ ಗ್ರೀಸ್ ಬಿತ್ತೋ ಇಲ್ಲವೋ ಅನ್ನುವುದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಹಾಗೆಂದು ಹುಡುಗಾಟದ ಕೆಲಸವಲ್ಲ. ಕಾರಿನ ಜಾಕಿ ಇರುವುದು ಸ್ಟೆಪ್ನಿ ಬದಲಿಸಲು. ಅದೊಂದನ್ನೇ ನಂಬಿ ಕೆಲಸಕ್ಕೆ ಕೂರಬಾರದು. ಕಾಂಕ್ರೀಟಿನ ಸಮತಟ್ಟು ನೆಲ, ಕೆಳಗೆ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು ಇರಲೇಬೇಕು. ಬಿಚ್ಚಿದ ಕ್ಯಾಲಿಪರ್ ಬ್ರೇಕ್ ಪೈಪಿನ ಮೇಲೆ ಜೋತಾಡಬಾರದು, ತಂತಿಯಲ್ಲಿ ಕಟ್ಟಿ. ಹೊಸ ಪ್ಯಾಡ್ ದಪ್ಪಗಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕಾಗುತ್ತದೆ. ಆಗ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕಿ ಬರಬಹುದು. ಅದು ಬಿದ್ದ ಕಡೆ ಬಣ್ಣ ಏಳುತ್ತದೆ. ಪ್ಯಾಡ್ ಬದಲಿಸಿದರೆ ಎಡಬಲ ಎರಡೂ ಕಡೆ ಒಟ್ಟಿಗೇ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆದೀತು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯಲ್ಲಿದೆ. ಗಾಡಿ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇಲ್ಲದಿದ್ದರೆ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ಗೇಟು ಮುಟ್ಟುತ್ತದೆ.

ಬೋಲ್ಟನ್ನು ಎಷ್ಟು ಬಿಗಿಯಬೇಕು, ಡಿಸ್ಕ್ ಎಷ್ಟು ತೆಳ್ಳಗಾದರೆ ಎಸೆಯಬೇಕು? ಕಷ್ಟ ಶುರುವಾಗುವುದು ಇಲ್ಲಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಹೆಚ್ಚಾಗಿ ಅದರ ಅಂಚಿನಲ್ಲೇ ಒತ್ತಿರುತ್ತಾರೆ, ತುಕ್ಕು ಒರೆಸಿದರೆ ಓದಬಹುದು. ಬಿಗಿತದ ಲೆಕ್ಕ ಮಾತ್ರ ಕಂಪನಿಯ ವರ್ಕ್‌ಶಾಪ್ ಪುಸ್ತಕದಲ್ಲಿದೆ. ಕಾರಿನ ಜತೆ ಕೊಡುವ ಪುಸ್ತಕದಲ್ಲಿ ಬ್ರೇಕಿನ ಪುಟಕ್ಕೆ ಬಂದರೆ ಸಾಮಾನ್ಯವಾಗಿ ಸಿಗುವುದು ‘ಅಧಿಕೃತ ಡೀಲರ್ ಬಳಿ ಹೋಗಿ’ ಎಂಬ ಸಲಹೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿದ್ದು ಇದೇ ಚಾಳಿಗೆ. ಬಿಡಿಭಾಗವನ್ನೂ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ ಎಂದು ಆಯೋಗ ಹೇಳಿತ್ತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ದುರಸ್ತಿಯ ಹಕ್ಕು’ ಪೋರ್ಟಲ್ ತೆರೆಯಿತು, ವಾಹನಗಳನ್ನೂ ಸೇರಿಸಿತು. ಕಂಪನಿಗಳು ತಾವಾಗಿ ಕೊಟ್ಟಷ್ಟೇ ಅದರಲ್ಲಿ ದಕ್ಕುವುದು. ಕೊಡಲೇಬೇಕೆಂಬ ಕಾಯ್ದೆ ಬರದೆ ಇದು ಮುಂದೆ ಹೋಗದು.

ಇಂಥ ಕಾಯ್ದೆಯನ್ನು ದಾವಣಗೆರೆ, ಹರಿಹರದವರು ಗಟ್ಟಿಯಾಗಿಯೇ ಕೇಳಬಹುದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡಿ ದೇಶಕ್ಕೆಲ್ಲ ಮಾರಿತು. ಎರಡು ದಶಕಗಳ ಹಿಂದೆ ಅದು ಮುಚ್ಚಿದರೂ ಮೈಕ್ರೋಮೀಟರ್ ಹಿಡಿದು ಲೋಹ ಅಳೆಯಬಲ್ಲ ಕೈಗಳು ಈ ಊರಿಗೆ ಅಪರೂಪವಲ್ಲ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಹರಿಹರದಲ್ಲಿದೆ. ದಾವಣಗೆರೆಯಲ್ಲಿ 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಇದೆ. ಭಾನುವಾರದ ಅರ್ಧ ದಿನ ಕಾರು ಮಾಲೀಕರಿಗೂ ಬೀದಿಬದಿಯ ಮೆಕ್ಯಾನಿಕ್‌ಗಳಿಗೂ ಒಟ್ಟಿಗೆ ಬ್ರೇಕ್ ಬಿಚ್ಚಿ ತೋರಿಸಲು ಈ ಎರಡು ಸಂಸ್ಥೆಗಳಿಗೆ ದೊಡ್ಡ ಖರ್ಚೇನೂ ಬರುವುದಿಲ್ಲ.

‘ಬ್ರೇಕು ಜೀವದ ಪ್ರಶ್ನೆ, ಅರೆಬರೆ ಕಲಿತವರು ಕೈಹಾಕಿದರೆ ಅಪಾಯ’ ಎಂಬ ಆಕ್ಷೇಪ ಹಗುರವಾದದ್ದಲ್ಲ. ಡಿಸ್ಕಿನಲ್ಲಿ ಆಳದ ಗೀರು ಬಿದ್ದಿದ್ದರೆ, ಪಿಸ್ಟನ್ ಬಳಿ ಆಯಿಲ್ ಸೋರುತ್ತಿದ್ದರೆ, ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಇದ್ದರೆ ಮನೆಯ ಕೆಲಸ ಅಲ್ಲಿಗೆ ನಿಲ್ಲಿಸಬೇಕು, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಬೇಕು. ಆದರೆ ಇದೇ ಅಪಾಯವನ್ನು ಮುಂದಿಟ್ಟು ಮಾಹಿತಿಯನ್ನೇ ಬಚ್ಚಿಡುವುದು ಬೇರೆ ಮಾತು. ಬಿಗಿತದ ಲೆಕ್ಕ ಸಿಗದಿದ್ದರೂ ಬೀದಿಯ ಮೆಕ್ಯಾನಿಕ್ ಬೋಲ್ಟ್ ಬಿಗಿಯುವುದನ್ನೇನೂ ನಿಲ್ಲಿಸುವುದಿಲ್ಲ, ಅಂದಾಜಿನಲ್ಲಿ ಬಿಗಿಯುತ್ತಾನೆ.

ಕಾಯ್ದೆ ಬರುವವರೆಗೆ ಗಿರಾಕಿ ಮಾಡಬಹುದಾದದ್ದು ಇಷ್ಟು: ಕೆಲಸ ಯಾರಿಗೇ ಒಪ್ಪಿಸಲಿ, ಬಿಚ್ಚಿದ ನಾಲ್ಕೂ ಹಳೇ ಪ್ಯಾಡುಗಳನ್ನು, ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಗುರುತು ಹಾಕಿಸಿ, ಬಿಲ್ಲಿನ ಜತೆ ವಾಪಸ್ ಕೇಳಿ ಪಡೆಯಬೇಕು.