ಘಟ್ಟದ ಮೇಲಿನವರಿಗೆ ಕಡಲ ಕಾಳಗ ಯಾಕೆ?

1780ರ ಡಿಸೆಂಬರ್ 8ರಂದು ಮಂಗಳೂರಿನಲ್ಲಿ ಲಂಗರು ಹಾಕಿದ್ದ ಹೈದರಾಲಿಯ ಹಡಗುಗಳ ಮೇಲೆ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ದಾಳಿ ಮಾಡಿದ. ಅಂದು ಎದುರು ನಿಂತ ನಾವಿಕರಿಗೆ ನಮ್ಮ ಜಿಲ್ಲೆಯ ಇತಿಹಾಸದಲ್ಲೂ ಜಾಗ ಸಿಗಬೇಕೆಂಬುದು ನನ್ನ ವಾದ. ಶಿವಮೊಗ್ಗ, ಭದ್ರಾವತಿಯ ಕೆಲವು ಗೆಳೆಯರು ಒಪ್ಪುತ್ತಿಲ್ಲ. ಅವರ ನಾಲ್ಕು ಆಕ್ಷೇಪಗಳಿಗೆ ಉತ್ತರ ಇಲ್ಲಿದೆ.

ಒಂದು: ‘ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಮೂಡಣಕ್ಕೆ ಹರಿಯುತ್ತವೆ. ಪಡುವಣ ಕಡಲಿಗೂ ನಮಗೂ ಏನು ಸಂಬಂಧ?’

ನದಿಯನ್ನೇ ಸಾಕ್ಷಿಗೆ ಕರೆಯುವುದಾದರೆ ಶರಾವತಿಯನ್ನೂ ಕರೆಯಿರಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಅದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಕೆಳದಿ ಅರಸರು ಘಟ್ಟದ ಮೇಲೆ ಕೂತೇ ಕರಾವಳಿಯ ಬಂದರುಗಳನ್ನು ಆಳಿದರು. 1763ರಲ್ಲಿ ಅವರ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಕೈವಶವಾದ ಮೇಲೆಯೇ ಹೈದರನಿಗೆ ಮಂಗಳೂರು ದಕ್ಕಿದ್ದು. ಕಡಲ ಕಾವಲು ತಪ್ಪಿದರೆ ಮಲೆನಾಡಿಗೆ ಏನಾಗುತ್ತದೆಂಬುದು 1783ರ ಜನವರಿಯಲ್ಲಿ ಗೊತ್ತಾಯಿತು: ಕುಂದಾಪುರದ ಕಡೆಯಿಂದ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಾಟಿ ಹತ್ತಿ ಬಂದು ಬಿದನೂರನ್ನೇ ಹಿಡಿದ.

ಎರಡು: ‘ಹೈದರನ ಹಡಗುಪಡೆ 1768ರಲ್ಲೇ ಬ್ರಿಟಿಷರ ಕಡೆ ಹೋಗಿತ್ತು. ದ್ರೋಹಿಗಳಿಗೆ ಎಂಥ ಗೌರವ?’

ಹೋದದ್ದು ನಿಜ. ಕುದುರೆಪಡೆಯ ಲುತ್ಫ್ ಅಲಿ ಬೇಗನನ್ನು ತಮ್ಮ ಮೇಲೆ ತಂದು ಕೂರಿಸಿದ್ದಕ್ಕೆ ಕಪ್ತಾನರು ಮುನಿದಿದ್ದರು. ಅವರ ಕಳಂಕವನ್ನು ಹನ್ನೆರಡು ವರ್ಷಗಳ ನಂತರ ಮಂಗಳೂರಿನಲ್ಲಿ ಪ್ರಾಣ ಪಣಕ್ಕಿಟ್ಟವರಿಗೆ ಬಳಿಯುವುದು ಯಾವ ನ್ಯಾಯ?

ಮೂರು: ‘ಏನಾದರೇನು, ಸೋತರಲ್ಲ!’

ಸೋತರು. 28 ಮತ್ತು 26 ತೋಪುಗಳ ಎರಡು ಹಡಗುಗಳು ಸುಟ್ಟುಹೋದವು. ಆದರೆ ಹೇಗೆ ಸೋತರೆಂಬುದನ್ನೂ ನೋಡಿ. 12 ತೋಪುಗಳ ಹಡಗೊಂದನ್ನು, ಬ್ರಿಟಿಷ್ ದೋಣಿಗಳವರು ಇನ್ನೇನು ಹತ್ತಬೇಕು ಎನ್ನುವಾಗ, ಅದರವರೇ ಸಿಡಿಸಿಬಿಟ್ಟರು. 10 ತೋಪುಗಳ ಇನ್ನೊಂದರವರು ಭಾರವನ್ನೆಲ್ಲ ನೀರಿಗೆಸೆದು, ಹಡಗನ್ನು ಹಗುರ ಮಾಡಿ, ಬಂದರಿನೊಳಗೆ ನುಗ್ಗಿಸಿ ಉಳಿಸಿಕೊಂಡರು. ದಾಳಿ ನಡೆದಿರುವಾಗಲೇ ಇಷ್ಟು ಮಾಡಲು ಗುಂಡಿಗೆ ಬೇಕು, ತಲೆಯೂ ನೆಟ್ಟಗಿರಬೇಕು. ಸ್ವಾತಂತ್ರ್ಯ ಹೋರಾಟದಲ್ಲಿ ನಮ್ಮ ಈಸೂರಿನ ಐವರು ಗಲ್ಲಿಗೇರಿದರು. ಅವರನ್ನು ನೆನೆಯುವಾಗ ನಾವು ಗೆದ್ದರೋ ಸೋತರೋ ಎಂದು ಲೆಕ್ಕ ಹಾಕುತ್ತೇವೆಯೇ?

ನಾಲ್ಕು: ‘ಅವರ ಹೆಸರೇ ಇಲ್ಲ. ಕಥೆ ಹೇಳಿದ್ದೂ ಶತ್ರುವೇ.’

ಶತ್ರು ಹೇಳಿದ್ದರಿಂದಲೇ ಅದಕ್ಕೆ ತೂಕ. ವರದಿ ಬರೆದ ಹ್ಯೂಸ್ ತನ್ನ ಗೆಲುವು ದೊಡ್ಡದಾಗಿ ಕಾಣಲೆಂದು ಎದುರಾಳಿಯನ್ನು ಉಬ್ಬಿಸಿದ ಎನ್ನುತ್ತೀರಾ? ಹಾಗಿದ್ದರೆ ಕೈತಪ್ಪಿ ಹೋದ ಹಡಗಿನ ಸುದ್ದಿಯನ್ನು ಅವನು ಎತ್ತುತ್ತಲೇ ಇರಲಿಲ್ಲ. ಇನ್ನು ಹೆಸರಿನ ಮಾತು. ನಮ್ಮ ಊರುಗಳ ಎಷ್ಟೋ ವೀರಗಲ್ಲುಗಳ ಮೇಲೆ ಒಂದಕ್ಷರವಿಲ್ಲ. ಹಾಗೆಂದು ಯಾರೂ ಅವನ್ನು ಕಿತ್ತೆಸೆದಿಲ್ಲ.

ಶಿವಪ್ಪನಾಯಕನ ಅರಮನೆ ತೋರಿಸಲು ಮಕ್ಕಳನ್ನು ಕರೆತರುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ: ಕೆಳದಿಯ ಕೋಟೆಗಳ ಜೊತೆಗೆ ಬಂದರುಗಳ ಕಥೆಯನ್ನೂ ಹೇಳಿ, ಮಂಗಳೂರಿನ ಈ ನಾವಿಕರನ್ನು ಅದರಲ್ಲಿ ಸೇರಿಸಿ.