ಅಗಲಿದವರ ಹೆಸರಲ್ಲಿ ಆಡಿಯೋಲಜಿ ಓದಿಸೋಣ

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಏನಾದರೂ ಒಂದು ಒಳ್ಳೆಯ ಕೆಲಸ ಮಾಡಬೇಕು ಎನ್ನುವ ಹಂಬಲ ನಮ್ಮ ಸಮುದಾಯದಲ್ಲಿ ಇವತ್ತಿಗೂ ಬತ್ತಿಲ್ಲ. ಮಸೀದಿಗೆ ಫ್ಯಾನ್, ಮದ್ರಸಕ್ಕೆ ಬೆಂಚು, ರಸ್ತೆ ಬದಿಯಲ್ಲಿ ಕುಡಿಯುವ ನೀರಿನ ಕೂಲರ್, ವರ್ಷಕ್ಕೊಮ್ಮೆ ಊಟ. ಎಲ್ಲವೂ ಒಳ್ಳೆಯದೇ. ಆದರೆ ಒಂದು ಮಸೀದಿಗೆ ಎಷ್ಟು ಫ್ಯಾನ್ ಬೇಕು? ಎಸಿ ಬಂದ ಕಡೆ ಹಳೆಯ ಫ್ಯಾನ್‌ಗಳು ಹೆಸರಿನ ಸಮೇತ ಸ್ಟೋರ್ ರೂಮು ಸೇರಿವೆ.

ಮರ್ಹೂಮರ ಹೆಸರಿನಲ್ಲಿ ಸ್ಕಾಲರ್‌ಶಿಪ್ ಕೊಡುವ ಮನೆಗಳೂ ನಮ್ಮಲ್ಲಿ ಉಂಟು. ಮೆಡಿಕಲ್, ಇಂಜಿನಿಯರಿಂಗ್ ಅಂದರೆ ಹತ್ತು ಕೈ ಮುಂದೆ ಬರ್ತದೆ. ಆಡಿಯೋಲಜಿ ಅಂದರೆ 'ಅದೇನು?' ಎಂದು ಕೇಳ್ತಾರೆ. ಅದು ಏನು, ನಮ್ಮ ಮಕ್ಕಳಲ್ಲಿ ಕೆಲವರಾದರೂ ಅದನ್ನು ಯಾಕೆ ಕಲಿಯಬೇಕು, ಅಗಲಿದವರ ಹೆಸರಿನ ಹಣ ಅದಕ್ಕೆ ಯಾಕೆ ಹೋಗಬೇಕು ಎಂಬುದನ್ನು ಈ ವಾರ ನೋಡೋಣ.

ಕಿವಿ ಸೋರುವುದು, ತಮಟೆ ತೂತಾಗುವುದು, ಗಡ್ಡೆ ಇವನ್ನೆಲ್ಲ ನೋಡುವವರು ಕಿವಿ ಮೂಗು ಗಂಟಲು ಡಾಕ್ಟರು. ಒಬ್ಬರಿಗೆ ಎಷ್ಟು ಕೇಳಿಸ್ತದೆ, ಯಾವ ಸ್ವರ ಕೇಳಿಸುವುದಿಲ್ಲ ಎಂದು ಅಳೆಯುವುದು, ಅದಕ್ಕೆ ತಕ್ಕ ಮೆಷಿನ್ ಆರಿಸಿ ಹೊಂದಿಸಿ ಕೊಡುವುದು, ಆಮೇಲೆ ಕೇಳುವ ಅಭ್ಯಾಸ ಮಾಡಿಸುವುದು ಆಡಿಯೋಲಜಿಸ್ಟರ ಕೆಲಸ. ಎರಡನೇ ಮಹಾಯುದ್ಧದಲ್ಲಿ ಗುಂಡು ಬಾಂಬುಗಳ ಸದ್ದಿಗೆ ಕಿವಿ ಕೆಟ್ಟು ಅಮೆರಿಕಕ್ಕೆ ವಾಪಸು ಬಂದ ಸೈನಿಕರ ಆರೈಕೆಯಿಂದ ಈ ವಿದ್ಯೆ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಇವತ್ತು ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣದೋಷಕ್ಕೆ ಪುನರ್ವಸತಿ ಸೇವೆ ಬೇಕು, ಅವರಲ್ಲಿ 3.4 ಕೋಟಿ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ನಮ್ಮ ಮನೆಗಳಲ್ಲೂ ಇದು ಉಂಟು. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಕಿವಿಯ ತೊಂದರೆ ಇರುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆ ನಡೆಯುವ ಕುಟುಂಬಗಳಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಮಗು ನೋಡಲು ಚೆನ್ನಾಗಿಯೇ ಇರುತ್ತದೆ, ನಗುತ್ತದೆ, ಹಾಲು ಕುಡಿಯುತ್ತದೆ. ಎರಡು ವರ್ಷವಾದರೂ ಮಾತು ಬರದಿದ್ದರೆ 'ಅವನ ಉಪ್ಪನಿಗೂ ತಡವಾಗಿಯೇ ಮಾತು ಬಂದದ್ದು' ಎಂದು ಅಜ್ಜಿ ಸಮಾಧಾನ ಹೇಳ್ತಾರೆ. ಮೂರು ವರ್ಷ, ನಾಲ್ಕು ವರ್ಷ ಹಾಗೆಯೇ ಹೋಗ್ತದೆ. ಮಾತು ಕಲಿಯಲು ಮಿದುಳು ಅತ್ಯಂತ ಚುರುಕಾಗಿರುವ ಕಾಲ ಅದೇ.

ಈ ಕ್ಷೇತ್ರದವರು ಪಾಲಿಸುವ ಲೆಕ್ಕ ಸುಲಭ: ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಮೊದಲ ತಪಾಸಣೆಗೆ ಒಎಇ ಎನ್ನುತ್ತಾರೆ. ಮಲಗಿದ ಮಗುವಿನ ಕಿವಿಗೆ ಸಣ್ಣ ತುದಿಯೊಂದನ್ನು ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಸ್ತಾರೆ. ಸೂಜಿ ಇಲ್ಲ, ನೋವಿಲ್ಲ. ಅದರಲ್ಲಿ ಸಂಶಯ ಬಂದರೆ ಬೆರಾ ಪರೀಕ್ಷೆ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ 'ಮಗುವಿನ ಕಿವಿ ಪರೀಕ್ಷೆ ಆಯಿತಾ?' ಎಂದು ಕೇಳುವ ರೂಢಿ ಎಲ್ಲ ಮನೆಗಳಿಗೂ ಬರಬೇಕು.

ಮದ್ರಸದಲ್ಲಿ ಮಕ್ಕಳಿಗೆ ಓದಿಸುವ ನಮಗೆ ಇನ್ನೊಂದು ಬಗೆಯ ಮಕ್ಕಳೂ ಸಿಗ್ತಾರೆ. ಪೂರ್ತಿ ಕಿವುಡು ಅಲ್ಲ. ಕರೆದರೆ ತಿರುಗಿ ನೋಡ್ತಾರೆ. ಆದರೆ ಸೀನ್ ಯಾವುದು, ಶೀನ್ ಯಾವುದು ಎಂಬುದು ಎಷ್ಟು ಸಲ ಹೇಳಿಕೊಟ್ಟರೂ ಗೊಂದಲ. ತೆಳುವಾದ ಎತ್ತರದ ಸ್ವರಗಳು ಮಾತ್ರ ಕೇಳಿಸದ ಮಕ್ಕಳಿಗೆ ಸ, ಶ, ಫ ಮೊದಲಾದ ಅಕ್ಷರಗಳೇ ಮೊದಲು ಜಾರುವುದು. ಅಂಥ ಮಗುವಿಗೆ ಮಂದ, ತುಂಟ, ಗಮನ ಕೊಡದವ ಎಂಬ ಹೆಸರು ಬೀಳ್ತದೆ. ಹುಡುಗಿಯಾದರೆ ಮನೆಯವರು ಮೆಷಿನ್ ಹಾಕಿಸಲೂ ಹಿಂಜರಿಯುತ್ತಾರೆ, ನಾಳೆ ಮದುವೆಗೆ ಕಷ್ಟ ಎಂದು. ಹೀಗೆ ಒಂದು ಸಣ್ಣ ಸಲಕರಣೆಯಿಂದ ಸರಿಹೋಗಬಹುದಾದ ವಿಷಯ ಆ ಹುಡುಗಿಯ ಇಡೀ ಓದನ್ನೇ ತಿಂದು ಹಾಕ್ತದೆ.

ವಯಸ್ಸಾದವರದ್ದು ಬೇರೆ ಕಥೆ. ಗಲ್ಫಿನಿಂದ ಮಗ ಸಾವಿರಾರು ರೂಪಾಯಿಯ ಮೆಷಿನ್ ಕಳಿಸಿರ್ತಾನೆ. ಅದು ಕಪಾಟಿನಲ್ಲಿ ಇರ್ತದೆ. 'ಬರೀ ಗಡಗಡ ಶಬ್ದ, ನನಗೆ ಬೇಡ' ಎಂದು ಉಮ್ಮ ತೆಗೆದಿಟ್ಟಿರ್ತಾರೆ. ಕನ್ನಡಕದ ಪವರ್ ನೋಡದೆ ಕನ್ನಡಕ ಕೊಂಡಂತೆ, ಕಿವಿ ಪರೀಕ್ಷೆ ಮಾಡಿಸದೆ, ಅದಕ್ಕೆ ಹೊಂದಿಸದೆ ತಂದ ಮೆಷಿನ್ ಕೆಲಸಕ್ಕೆ ಬರುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್‌ನದ್ದೂ ಹಾಗೆಯೇ. ಐದು ವರ್ಷದೊಳಗಿನ ಅರ್ಹ ಮಕ್ಕಳಿಗೆ ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಈ ಶಸ್ತ್ರಚಿಕಿತ್ಸೆಗೆ ನೆರವು ಉಂಟು. ಆದರೆ ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಮಗು ಮಾತಾಡುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂತು ಕೇಳಿಸುವ, ಮಾತಾಡಿಸುವ ತರಬೇತಿ ಬೇಕು.

ಆ ತರಬೇತಿ ಯಾವ ಭಾಷೆಯಲ್ಲಿ? ನಮ್ಮ ಮಕ್ಕಳು ಯಾಕೆ ಈ ಓದಿಗೆ ಹೋಗಬೇಕು ಎಂಬುದಕ್ಕೆ ದೊಡ್ಡ ಉತ್ತರ ಇಲ್ಲಿದೆ. ಬ್ಯಾರಿ ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಗೆ ಹೆಡ್‌ಫೋನ್ ಹಾಕಿ ಕನ್ನಡದ ಪದ ಕೇಳಿಸಿ 'ತಿರುಗಿ ಹೇಳಿ' ಎಂದರೆ ಅವರು ಏನು ಹೇಳಬೇಕು? ತಪ್ಪು ಕಿವಿಯದ್ದೋ ಭಾಷೆಯದ್ದೋ ಎಂದು ತಿಳಿಯುವುದು ಹೇಗೆ? ಮಗುವಿಗೂ ಮೊದಲ ಮಾತು ಬರಬೇಕಾದದ್ದು ಮನೆಯಲ್ಲಿ ಉಮ್ಮ ಆಡುವ ಭಾಷೆಯಲ್ಲಿ. ಆಡಿಯೋಲಜಿ ಓದಿದ ಒಬ್ಬ ಬ್ಯಾರಿ ಹುಡುಗಿ ಅಲ್ಲಿ ಕೂತಿದ್ದರೆ ತಾಯಿ ಸಂಕೋಚ ಬಿಟ್ಟು ಕಷ್ಟ ಹೇಳ್ತಾಳೆ, ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡ್ತಾಳೆ.

ಓದಲು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಉಂಟು. ಕೇಂದ್ರ ಆರೋಗ್ಯ ಇಲಾಖೆಯ ಅಡಿಯಲ್ಲಿ 1965ರಲ್ಲಿ ಶುರುವಾದ ಇದು ದೇಶದ ಪ್ರಮುಖ ಸಂಸ್ಥೆ. ಮಂಗಳೂರಿನಲ್ಲಿಯೇ ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ, ಕೆಎಂಸಿ ಇಲ್ಲೆಲ್ಲ ಈ ಕೋರ್ಸ್ ಉಂಟು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿಎಎಸ್‌ಎಲ್‌ಪಿ ಎಂಬ ಪದವಿಗೆ ಸೇರಬಹುದು. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ನಾಲ್ಕು ವರ್ಷ. ಆಮೇಲೆ ನೋಂದಣಿ ಮಾಡಿಸಿಕೊಂಡು ಆಸ್ಪತ್ರೆ, ವಿಶೇಷ ಶಾಲೆ, ಜಿಲ್ಲಾ ಆಸ್ಪತ್ರೆಯ ಮಕ್ಕಳ ಕೇಂದ್ರ, ಸ್ವಂತ ಕ್ಲಿನಿಕ್ ಎಲ್ಲಿಯೂ ಕೆಲಸ ಮಾಡಬಹುದು. ಮೆಡಿಕಲ್ ಸೀಟು ಸಿಗಲಿಲ್ಲ ಎಂದು ಪಿಯುಸಿಗೇ ಓದು ನಿಲ್ಲಿಸುವ ನಮ್ಮ ಹುಡುಗಿಯರಿಗೆ ಈ ದಾರಿಯನ್ನು ಯಾರೂ ತೋರಿಸುತ್ತಿಲ್ಲ. ತೋರಿಸಿದರೂ ಖಾಸಗಿ ಕಾಲೇಜಿನ ಶುಲ್ಕ, ಹಾಸ್ಟೆಲು, ಪುಸ್ತಕ ಸೇರಿ ನಾಲ್ಕು ವರ್ಷಕ್ಕೆ ಲಕ್ಷಗಳ ಲೆಕ್ಕ ಆಗ್ತದೆ. ಬೀಡಿ ಕಟ್ಟುವ ಮನೆಗೆ, ಆಟೋ ಓಡಿಸುವ ಮನೆಗೆ ಅದು ಆಗದ ಮಾತು.

ಒಬ್ಬರ ಹೆಸರು ಈ ವಿದ್ಯೆಯ ಜೊತೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಮುಂಬೈಯಲ್ಲಿ ಉದಾಹರಣೆ ಉಂಟು. ಉಸ್ಮಾನಿಯಾ ಮತ್ತು ಅಲೀಗಢ ವಿಶ್ವವಿದ್ಯಾಲಯಗಳ ಕುಲಪತಿಯಾಗಿದ್ದ ಅಲಿ ಯಾವರ್ ಜಂಗ್ 1976ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿರುವಾಗಲೇ ತೀರಿಕೊಂಡರು. 1983ರಲ್ಲಿ ಬಾಂದ್ರಾದಲ್ಲಿ ಆರಂಭವಾದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಗೆ ಅವರ ಹೆಸರಿಟ್ಟರು. ಇವತ್ತು ಅಲ್ಲಿಂದ ಹೊರಬರುವ ಪ್ರತಿ ವಿದ್ಯಾರ್ಥಿಯ ಓದಿನ ಜೊತೆ ಆ ಹೆಸರು ಉಂಟು. ಸಂಸ್ಥೆ ಕಟ್ಟುವುದು ನಮ್ಮಂಥವರ ಕೈಲಿ ಆಗದು, ಒಬ್ಬ ವಿದ್ಯಾರ್ಥಿಯನ್ನು ಓದಿಸುವುದು ಆಗ್ತದೆ.

ಮನುಷ್ಯ ತೀರಿಹೋದ ಮೇಲೂ ಸದಖಾ ಜಾರಿಯಾ, ಜನರಿಗೆ ಉಪಕಾರವಾಗುವ ವಿದ್ಯೆ, ದುಆ ಮಾಡುವ ಸಜ್ಜನ ಮಕ್ಕಳು ಎಂಬ ಮೂರರ ಪ್ರತಿಫಲ ನಿಲ್ಲುವುದಿಲ್ಲ ಎಂಬ ಪ್ರವಾದಿ (ಸ.ಅ.) ಅವರ ಮಾತು ನಮಗೆಲ್ಲ ಗೊತ್ತು. ಮಕ್ಕಳು ಸೇರಿ ತಂದೆ ತಾಯಿಯ ಹೆಸರಲ್ಲಿ ಇಂಥ ವಿದ್ಯೆ ಕಲಿಸಿದರೆ ಮೂರೂ ಒಂದೇ ಕಡೆ ಸೇರ್ತದೆ.

ಹಣದ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ದೊಡ್ಡ ಮೊತ್ತ ಬ್ಯಾಂಕಿನಲ್ಲಿ ಇಟ್ಟು ಅದರ ಬಡ್ಡಿಯಿಂದ ವೇತನ ಕೊಡುವುದು ಹೊರಗಡೆ ಸಾಮಾನ್ಯ ಕ್ರಮ. ನಮಗೆ ಅದು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಅಂಗಡಿ ಕೋಣೆಯೊಂದರ ಬಾಡಿಗೆಯನ್ನು ಇದಕ್ಕೆ ಮೀಸಲಿಡಬಹುದು. ಅಷ್ಟು ಇಲ್ಲದವರು ಒಡಹುಟ್ಟಿದವರೆಲ್ಲ ಸೇರಬಹುದು. ಐದು ಮಂದಿ ತಿಂಗಳಿಗೆ ಸಾವಿರದಂತೆ ಹಾಕಿದರೆ ವರ್ಷಕ್ಕೆ 60 ಸಾವಿರ, ನಾಲ್ಕು ವರ್ಷಕ್ಕೆ 2 ಲಕ್ಷ 40 ಸಾವಿರ. ಮರ್ಹೂಮರು ಬಿಟ್ಟುಹೋದ ಆಸ್ತಿಯಿಂದ ಕೊಡುವುದಾದರೆ, ವಸಿಯ್ಯತ್ ಇದ್ದರೆ ಮೂರನೇ ಒಂದು ಪಾಲಿನ ಒಳಗೆ ಇರಬೇಕು. ಇಲ್ಲದಿದ್ದರೆ ಪ್ರಾಯಕ್ಕೆ ಬಂದ ವಾರಸುದಾರರು ತಮ್ಮ ಪಾಲಿನಿಂದ ಕೊಡಬೇಕು, ಯತೀಮ್ ಮಕ್ಕಳ ಪಾಲು ಮುಟ್ಟಬಾರದು. ಝಕಾತಿನ ಲೆಕ್ಕ ಇದಕ್ಕೆ ಬೆರೆಸಬೇಡಿ. ಸಂಶಯ ಇದ್ದರೆ ನಿಮ್ಮ ಖತೀಬರ ಹತ್ತಿರ ಕೇಳಿ.

ಕೊಡುವ ಕ್ರಮವೂ ಮುಖ್ಯ. ಹತ್ತು ಮಂದಿಗೆ ಎರಡೆರಡು ಸಾವಿರ ಹಂಚಿ ಸ್ಟೇಜಿನಲ್ಲಿ ಫೋಟೊ ತೆಗೆಯುವುದಕ್ಕಿಂತ ಒಬ್ಬಳನ್ನು ನಾಲ್ಕು ವರ್ಷ ಪೂರ್ತಿ ಓದಿಸಿ. ಶುಲ್ಕವನ್ನು ನೇರ ಕಾಲೇಜಿಗೆ ಕಟ್ಟಿ. ಎರಡನೇ ವರ್ಷ ಕೈಬಿಟ್ಟರೆ ಅವಳು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಹಾಗಾಗಿ ಇಂಟರ್ನ್‌ಶಿಪ್ ಮುಗಿಯುವ ತನಕದ ಮಾತು ಮೊದಲೇ ಆಗಲಿ. ಬಡತನವನ್ನು ಎಲ್ಲರೆದುರು ಓದಿ ಹೇಳಬೇಡಿ. ಓದು ಮುಗಿದ ಮೇಲೆ ತಿಂಗಳಿಗೆ ಒಂದು ದಿನ ಊರಿನ ಮದ್ರಸದ ಮಕ್ಕಳ ಕಿವಿ ನೋಡಿ ಕೊಡಲು ಕೇಳಿಕೊಳ್ಳಬಹುದು. ಆದರೆ ಒತ್ತಾಯ ಬೇಡ.

ಜಮಾಅತ್ ಕಮಿಟಿಗಳು ಈಗಲೇ ಒಂದು ಕೆಲಸ ಮಾಡಬಹುದು. ತಮ್ಮ ಮೊಹಲ್ಲಾದಲ್ಲಿ ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಇರುವ ಮಕ್ಕಳ ಪಟ್ಟಿ ಮಾಡಿ, ಅವರನ್ನೂ ತಾಯಂದಿರನ್ನೂ ಒಂದು ದಿನ ಕೂರಿಸಿ ಈ ಕೋರ್ಸಿನ ವಿಷಯ ತಿಳಿಸಲಿ. ಪ್ರವೇಶದ ನಿಯಮ, ಕೊನೆಯ ದಿನಾಂಕಗಳನ್ನು ಕಾಲೇಜುಗಳಿಂದಲೇ ವಿಚಾರಿಸಿ ಹೇಳಲಿ. ಯಾರ ಮನೆಯಲ್ಲಿ ಉಪ್ಪನದ್ದೋ ಉಮ್ಮನದ್ದೋ ಆಂಡ್ ದಿನ ಹತ್ತಿರ ಬರ್ತಾ ಉಂಟೋ, ಆ ಮನೆಯವರು ಅಡುಗೆಯವನಿಗೆ ಹೇಳುವ ಮೊದಲು ಅಣ್ಣ ತಮ್ಮ ಅಕ್ಕ ತಂಗಿ ಒಟ್ಟಿಗೆ ಕೂತು ಈ ಲೆಕ್ಕ ಒಮ್ಮೆ ಹಾಕಲಿ. ಪಿಯುಸಿ ಫಲಿತಾಂಶಕ್ಕೆ ಹೆಚ್ಚು ದಿನ ಇಲ್ಲ.