ರೇಡಿಯೋ ಲಾರ್ಡ್‌ನ ಜಮಾ-ಖರ್ಚು

ಮಕ್ಕಳೇ, ಹೋದ ವಾರ ಹಳೇ ಟ್ರಂಕಿನಲ್ಲಿ ನಮ್ಮ ತಂದೆಯವರ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕಿತು. “ರೇಡಿಯೋ ಕೇಳೋಕೂ ಲೈಸೆನ್ಸಾ ತಾತ?” ಎಂದು ಮೊಮ್ಮಗಳು ನಕ್ಕಳು. ಹೌದು, ಆಗ ವರ್ಷ ವರ್ಷವೂ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ನಿಮ್ಮ ಮನೆಯ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ. ಬ್ರಿಟನ್ನಿನಲ್ಲಿ 1922ರಲ್ಲೇ ಇಂಥ ಲೈಸೆನ್ಸ್ ಬಂದಿತ್ತು, ವರ್ಷಕ್ಕೆ 10 ಷಿಲಿಂಗ್. ಆ ಹಣದ ಬಲದಲ್ಲಿ ಬಿಬಿಸಿಯನ್ನು ಬೆಳೆಸಿದ ಜಾನ್ ರೀತ್ ಅವರ ಕಥೆಯನ್ನು ಅವಳಿಗೆ ಹೇಳಿದೆ. ನೀವೂ ಕೇಳಿ.

ರೀತ್ ಹುಟ್ಟಿದ್ದು 1889ರಲ್ಲಿ, ಸ್ಕಾಟ್ಲೆಂಡಿನ ಕಡಲತೀರದ ಸ್ಟೋನ್‌ಹೇವನ್ ಊರಿನಲ್ಲಿ. ತಂದೆ ಪಾದ್ರಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಬೆಳೆದು ಆರೂವರೆ ಅಡಿ ಎತ್ತರವಾದರು, ಎಂಜಿನಿಯರ್ ಆದರು. ಮೊದಲ ಮಹಾಯುದ್ಧದಲ್ಲಿ ಗುಂಡು ತಗುಲಿ ಕೆನ್ನೆಯ ಮೇಲೆ ಗಾಯದ ಗುರುತು ಉಳಿಯಿತು.

1922ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕಂಡು, ಹೊಸ ಬಿಬಿಸಿ ಕಂಪನಿಯ ಮ್ಯಾನೇಜರ್ ಕೆಲಸಕ್ಕೆ ಅರ್ಜಿ ಬರೆದು ಕ್ಲಬ್ಬಿನ ಅಂಚೆ ಡಬ್ಬಕ್ಕೆ ಹಾಕಿದರು. ಆಮೇಲೆ ವಿಚಾರಿಸಿದರೆ, ಆಯ್ಕೆ ಮಾಡುವ ಹಿರಿಯರು ಅಬರ್ಡೀನ್ ಕಡೆಯವರು! ಕೂಡಲೇ ಕಾಗದ ವಾಪಸು ತೆಗೆಸಿ, ತಾವೂ ಆ ಸೀಮೆಯವರೇ ಎಂದು ಸೇರಿಸಿ ಬರೆದರು. ಕೆಲಸ ಸಿಕ್ಕಿತು. ಪ್ರಸಾರ ಎಂದರೇನೆಂದೇ ಆಗ ಗೊತ್ತಿರಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು.

ಆದರೆ ಬೇಗ ಕಲಿತರು. ರೇಡಿಯೋ ಸುದ್ದಿ ತಿಳಿಸಬೇಕು, ಜ್ಞಾನ ಕೊಡಬೇಕು, ರಂಜಿಸಲೂ ಬೇಕು ಎಂಬುದು ಅವರ ಸೂತ್ರ.

1926ರ ಮೇ ತಿಂಗಳಲ್ಲಿ ದೊಡ್ಡ ಪರೀಕ್ಷೆ ಬಂತು. ಗಣಿ ಕಾರ್ಮಿಕರ ಪರವಾಗಿ ದೇಶದಾದ್ಯಂತ ಮುಷ್ಕರ. ಮುದ್ರಣದವರೂ ಕೆಲಸ ನಿಲ್ಲಿಸಿದ್ದರಿಂದ ಪತ್ರಿಕೆಗಳಿಲ್ಲ. ಜನ ಸುದ್ದಿಗಾಗಿ ರೇಡಿಯೋ ಮುಂದೆ ಕೂತರು. ಬಿಬಿಸಿಯನ್ನು ಸರ್ಕಾರವೇ ವಶಪಡಿಸಿಕೊಳ್ಳಲಿ ಎಂದು ಮಂತ್ರಿ ಚರ್ಚಿಲ್ ಪಟ್ಟು ಹಿಡಿದರು. ರೀತ್ ಬಗ್ಗಲಿಲ್ಲ, ಸಂಸ್ಥೆಯನ್ನು ಉಳಿಸಿಕೊಂಡರು. ಆದರೆ ಪ್ರಧಾನಿ ಬಾಲ್ಡ್‌ವಿನ್ ಮಾತನಾಡಿದ ಅದೇ ರೇಡಿಯೋದಲ್ಲಿ ವಿರೋಧ ಪಕ್ಷದ ನಾಯಕ ಮ್ಯಾಕ್‌ಡೊನಾಲ್ಡ್ ಅವರಿಗೆ ಅವಕಾಶ ಸಿಗಲಿಲ್ಲ.

ನಮ್ಮ ದೇಶಕ್ಕೂ ಇದರ ನಂಟಿದೆ. 1935ರಲ್ಲಿ ಭಾರತದ ರೇಡಿಯೋ ಕಟ್ಟಲು ಬಂದ ಲಯನೆಲ್ ಫೀಲ್ಡನ್, ರೀತ್ ಅವರ ಕೈಕೆಳಗೆ ಬಿಬಿಸಿಯಲ್ಲಿ ದುಡಿದವರು.

1938ರಲ್ಲಿ ರೀತ್ ಬಿಬಿಸಿ ಬಿಟ್ಟರು. 1940ರಲ್ಲಿ ಪಾದ್ರಿಯ ಮಗ ಲಾರ್ಡ್ ಆದರು. ಆದರೂ ತಮ್ಮ ಪೂರ್ತಿ ಶಕ್ತಿಗೆ ತಕ್ಕ ಕೆಲಸ ಸಿಗಲಿಲ್ಲವೆಂಬ ಕೊರಗು ಉಳಿಯಿತು. 1971ರಲ್ಲಿ ತೀರಿಕೊಂಡರು.

“ಆ ನಾಯಕರಿಗೂ ಮಾತಾಡೋಕೆ ಬಿಡಬೇಕಿತ್ತು ಅಲ್ವಾ ತಾತ?” ಎಂದಳು ಮೊಮ್ಮಗಳು.

ಬಿಡಬೇಕಿತ್ತು ಅಂತಲೇ ನನಗೂ ಅನ್ನಿಸುತ್ತದೆ. ಬ್ಯಾಂಕಿನಲ್ಲಿ ಜಮೆ ಬರೆದು ಖರ್ಚು ಬಿಟ್ಟರೆ ಸಂಜೆ ಲೆಕ್ಕ ತಾಳೆಯಾಗುತ್ತಿರಲಿಲ್ಲ, ನಾವು ಮನೆಗೆ ಹೋಗುವ ಹಾಗೂ ಇರಲಿಲ್ಲ. ದೊಡ್ಡವರ ಕಥೆ ಹೇಳುವಾಗಲೂ ಎರಡೂ ಕಡೆ ಬರೆಯಬೇಕು.

“ಹಾಗಾದ್ರೆ ಬಾಕಿ ಎಷ್ಟು ಉಳೀತು?” ಎಂದಳು.

ನನ್ನ ಲೆಕ್ಕದಲ್ಲಿ ಜಮೆಯೇ ಹೆಚ್ಚು. ನಿಮ್ಮ ಲೆಕ್ಕ ಏನೆಂದು ಅಜ್ಜ-ಅಜ್ಜಿಯರ ಜೊತೆ ಕೂತು ಕೂಡಿ, ಕಳೆದು ನೋಡಿ.